ಹಳೆ ಗೋಡೆಯ ಪಕ್ಕದ ಹೊಸ ಗೋಡೆ

ನಮ್ಮ ಶಾಲೆಯ ಹೆಂಚಿನ ಹಜಾರವನ್ನು ಕೆಡವಬೇಕೋ ಉಳಿಸಬೇಕೋ ಎಂದು ಮಾತಾಡಲು ಕರೆದ ಸಭೆಯಲ್ಲಿ ನನ್ನನ್ನೂ ಕೂರಿಸಿದ್ದರು. ಕೂರಿಸಿದ್ದು ನನ್ನ ತಿಳಿವಳಿಕೆಗಲ್ಲ, ವಯಸ್ಸಿಗೆ. ಇಪ್ಪತ್ತೆಂಟು ವರ್ಷ ಆ ಹಜಾರದ ಕಂಬಕ್ಕೆ ಬೆನ್ನು ಕೊಟ್ಟು ಸಮಾಜ ಪಾಠ ಹೇಳಿದವಳು ಏನಾದರೂ ಹೇಳಿಯಾಳು ಎಂದು. ಊರಿನ ಹಿರಿಯರೊಬ್ಬರು, "ಕೆಡವಿ ಬಿಸಾಕಿ, ಮಳೆ ಬಂದರೆ ಸೋರುತ್ತೆ" ಎಂದರು. ನಕ್ಷೆಯ ಸುರುಳಿ ಹಿಡಿದು ಬಂದಿದ್ದ ಎಂಜಿನಿಯರ್ ಹುಡುಗ, "ಬೇಡ ಸಾರ್, ಹಳೇದರ ಹಾಗೇ ಹೊಸದು ಕಟ್ಟೋಣ. ಕಾಂಕ್ರೀಟಿನ ಮೇಲೆ ಹೆಂಚಿನ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗೋದಿಲ್ಲ" ಎಂದ. ಎಲ್ಲರ ಮುಖವೂ ಅರಳಿತು. ನನಗೆ ಮಾತ್ರ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಚುಚ್ಚಿತು. ಯಾಕೆಂದು ಕೇಳಿದರೆ ಹೇಳಲು ಬರಲಿಲ್ಲ. "ಮುಂದಿನ ಸಭೆಗೆ ಹೇಳ್ತೀನಿ" ಎಂದು ಎದ್ದು ಬಂದೆ.

ಒಲೆಯ ಮುಂದೆ ನಿಂತಾಗ, ಉತ್ತರಪತ್ರಿಕೆ ತಿದ್ದುವಾಗ ಅದೇ ಯೋಚನೆ. ನಾನು ವಾಸ್ತುಶಿಲ್ಪ ಓದಿದವಳಲ್ಲ. ಬಿ.ಎ.ಯಲ್ಲಿ ಇತಿಹಾಸ, ಬಿ.ಎಡ್.ನಲ್ಲಿ ಪಾಠಯೋಜನೆ, ಅಷ್ಟೆ. ಆದರೆ ವರ್ಷ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಕೆಲವು ಕಟ್ಟಡಗಳನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಇಪ್ಪತ್ತು ಸಲ ನೋಡಿದ ಮೇಲೆ ಕಟ್ಟಡವೂ ನೆಂಟರ ಹಾಗಾಗುತ್ತದೆ. ಗುಣದ ಜೊತೆಗೆ ಅವಗುಣವೂ ಕಾಣತೊಡಗುತ್ತದೆ.

ಮೊದಲು ನೆನಪಾದದ್ದು ಬೇಲೂರು. ಅಲ್ಲಿ ಬಸ್ಸಿಳಿದ ಮಕ್ಕಳು ಬಾಯಿ ತೆರೆದು ನೋಡುವುದು ಎತ್ತರದ ಗೋಪುರವನ್ನು. "ಇದನ್ನು ಕಟ್ಟಿಸಿದ್ದು ವಿಷ್ಣುವರ್ಧನ ಅಲ್ವಾ ಮಿಸ್?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲ. ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯ ಒಳಗಿದೆ, 1117ರದ್ದು. ಹೊರಗಿನ ಈ ಗೋಪುರವನ್ನು ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ ಗುಂಡನೆಂಬ ದಂಡನಾಯಕ 1397ರಲ್ಲಿ ಹೊಸದಾಗಿ ಎತ್ತಿಸಿದ. ನಡುವೆ 280 ವರ್ಷ. ಗುಂಡನ ಕಾಲಕ್ಕೆ ಹೊಯ್ಸಳರ ಗುಡಿ ಪುರಾತನ, ಅವನ ಗೋಪುರ ಆಧುನಿಕ! ಅವನೇನು ಹೊಯ್ಸಳರ ನಕ್ಷತ್ರಾಕಾರವನ್ನಾಗಲಿ, ಬಳಪದ ಕಲ್ಲಿನ ಕುಸುರಿಯನ್ನಾಗಲಿ ನಕಲು ಮಾಡಲು ಹೋಗಲಿಲ್ಲ. ತನ್ನ ಕಾಲಕ್ಕೆ ಗೊತ್ತಿದ್ದ ರೀತಿಯಲ್ಲಿ ಎತ್ತರವಾಗಿ ಕಟ್ಟಿದ. ಅದರ ಬಾಗಿಲಿನಡಿ ನುಸುಳಿ ಅಂಗಳಕ್ಕೆ ಕಾಲಿಟ್ಟರೆ ತಗ್ಗಿನ ಗುಡಿ ಒಮ್ಮೆಲೇ ಎದುರಾಗುತ್ತದೆ. ಗೋಪುರ ಬೆನ್ನ ಹಿಂದೆ ಉಳಿಯುತ್ತದೆ, ಗುಡಿಯನ್ನು ತಳ್ಳುವುದಿಲ್ಲ. ಹಳೆಯದರ ಪಕ್ಕ ಹೊಸದು ನಿಲ್ಲುವುದೇ ಅಪರಾಧ ಎನ್ನುವವರನ್ನು ನಾನು ಬೇಲೂರಿಗೆ ಕಳಿಸುತ್ತೇನೆ.

ಅಲ್ಲಿಂದ ಮನಸ್ಸು ಬೆಂಗಳೂರಿಗೆ ಹೋಯಿತು. ನೀವೂ ನೋಡಿರುತ್ತೀರಿ, ಅಂಬೇಡ್ಕರ್ ಬೀದಿಯ ಒಂದು ಪಕ್ಕ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಹೈಕೋರ್ಟು. ಹೈಕೋರ್ಟಿನ ಹಳೆಯ ಹೆಸರು ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳು ಟಿಪ್ಪುವಿನ ಅರಮನೆಯಿಂದ ಇಲ್ಲಿಗೆ ಬಂದು ಕೂತವು, ಹಾಗಾಗಿ ಆ ಹೆಸರು. ಬೌರಿಂಗ್ ಸಾಹೇಬ ಕಮಿಷನರ್ ಆಗಿದ್ದಾಗ ಶುರುವಾಗಿ 1868ರಲ್ಲಿ ಮುಗಿದದ್ದು. ಎದುರಿನ ವಿಧಾನಸೌಧಕ್ಕೆ ನೆಹರೂ ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈನಲ್ಲಿ, ಮುಗಿದದ್ದು 1956ರಲ್ಲಿ. ಮೊದಲು ಒಪ್ಪಿದ್ದ ಸಾದಾ ನಕ್ಷೆಯನ್ನು ಬದಿಗಿಟ್ಟು ಕೆಂಗಲ್ ಹನುಮಂತಯ್ಯನವರು ಬೇರೆಯದನ್ನೇ ಬಿ.ಆರ್. ಮಾಣಿಕ್ಯಂ ಅವರಿಂದ ಬರೆಸಿದರು. ಜೈಲಿನ ಕೈದಿಗಳೂ ಸೇರಿ ಸಾವಿರಾರು ಜನ ದುಡಿದರು, ಶಿಲ್ಪಿಗಳು ಕಲ್ಲು ಕೆತ್ತಿದರು.

ನಮ್ಮ ಮಕ್ಕಳನ್ನು ಆ ರಸ್ತೆಯಲ್ಲಿ ನಿಲ್ಲಿಸಿ, "ಇವೆರಡರಲ್ಲಿ ಯಾವುದು ಹಳೆಯದು?" ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ವಿಧಾನಸೌಧದ ಕಡೆ ಕೈ ತೋರಿಸುತ್ತಾರೆ. "ರಾಜರು ಕಟ್ಟಿಸಿದ್ದು ಮಿಸ್!" ಎನ್ನುವವರೂ ಇದ್ದಾರೆ. ಗೋಪುರ, ಗುಮ್ಮಟ, ಕಂಬ, ಕೆತ್ತನೆ ನೋಡಿದರೆ ಯಾರಿಗಾದರೂ ಹಾಗೆನಿಸಬೇಕಾದ್ದೇ. ಮೊದಮೊದಲು ಇದನ್ನು ನಾನು ತಪ್ಪೆಂದೇ ಎಣಿಸಿದ್ದೆ. ಪ್ರಜೆಗಳ ಮನೆಗೆ ಅರಮನೆಯ ವೇಷ ಯಾತಕ್ಕೆ? ಆದರೆ ನೋಡುತ್ತಾ ನೋಡುತ್ತಾ ಅಭಿಪ್ರಾಯ ಸಡಿಲವಾಯಿತು. ಅದು ತನ್ನ ಎದುರಿನ ಹಳೆಯ ಕಟ್ಟಡವನ್ನು ನಕಲು ಮಾಡಲಿಲ್ಲ, ಅದರೊಡನೆ ವಾದಕ್ಕೆ ಇಳಿಯಿತು. "ನೀನು ಗ್ರೀಕರ ಕಂಬ ಇಟ್ಟುಕೊಂಡಿದ್ದೀಯ, ನನ್ನ ಬಳಿಯೂ ಕಂಬವಿದೆ ನೋಡು" ಎಂದಿತು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದ ನಾಡಿನ ಹುಮ್ಮಸ್ಸು ಅದು. ಸ್ವಲ್ಪ ಜಂಬ, ಸ್ವಲ್ಪ ಅತಿ, ಆದರೆ ಸುಳ್ಳಲ್ಲ.

ಈ ವಾದದಲ್ಲಿ ಹಳೆಯದು ಸೋತೇ ಹೋಗುವುದರಲ್ಲಿತ್ತು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವಿ ಹೊಸದು ಕಟ್ಟುವ ಯೋಜನೆ ಬಂತು. ಊರಿನ ಜನ ಎದ್ದು ನಿಂತರು, ನ್ಯಾಯಾಲಯದ ಕಟ್ಟಡವನ್ನು ಉಳಿಸಲು ನ್ಯಾಯಾಲಯದ ಮೆಟ್ಟಿಲೇ ಹತ್ತಿದರು, ಕಟ್ಟಡ ಉಳಿಯಿತು. ಅಂದು ಕೆಡವಿದ್ದರೆ ವಿಧಾನಸೌಧಕ್ಕೆ ಎದುರಾಡಲು ಯಾರೂ ಇರುತ್ತಿರಲಿಲ್ಲ. ಒಬ್ಬರೇ ಮಾತಾಡುವ ಮನೆಯ ಹಾಗೆ ಆಗುತ್ತಿತ್ತು ಆ ಬೀದಿ.

ಇನ್ನು ಮೂರನೆಯದು, ವಿಕಾಸಸೌಧ. ವಿಧಾನಸೌಧದ ಮಗ್ಗುಲಲ್ಲೇ 2005ರಲ್ಲಿ ಉದ್ಘಾಟನೆಯಾದ ಕಟ್ಟಡ. ಮಕ್ಕಳು ಕೇಳುತ್ತಾರೆ, "ಮಿಸ್, ಇದು ಎರಡನೇ ವಿಧಾನಸೌಧನಾ?" ಆ ಪ್ರಶ್ನೆಯಲ್ಲೇ ವಿಮರ್ಶೆ ಇದೆ. ಅದೇ ಕಲ್ಲು, ಅದೇ ಬಗೆಯ ಕಂಬ, ಅದೇ ಗುಮ್ಮಟದ ನೆನಪು. ಕಟ್ಟಿದವರ ಉದ್ದೇಶವೇನೋ ಗೌರವದ್ದೇ, ಅನುಮಾನವಿಲ್ಲ. ಪಕ್ಕದ ಕಟ್ಟಡಕ್ಕೆ ಹೊಂದಿಕೊಳ್ಳಬೇಕು, ಎದ್ದು ಕಾಣಬಾರದು ಎಂದು. ಆದರೆ ನಾನು ಮೇಷ್ಟ್ರ ಜಾತಿಯವಳು. ಪಕ್ಕಪಕ್ಕದ ಎರಡು ಉತ್ತರಪತ್ರಿಕೆ ಒಂದೇ ತೆರನಾಗಿದ್ದರೆ ನನಗೆ ಓದುವ ಮೊದಲೇ ತಿಳಿಯುತ್ತದೆ. ಕಾಪಿ ಹೊಡೆದವನಿಗೆ ಅಂಕ ಸಿಗುವುದಿಲ್ಲ, ಅದು ಇರಲಿ. ನಿಜವಾದ ನಷ್ಟ ಆಗುವುದು ಕಷ್ಟಪಟ್ಟು ಬರೆದ ಪಕ್ಕದ ಹುಡುಗಿಗೆ. ಅವಳ ಉತ್ತರದ ಮೇಲೂ ಅನುಮಾನ ಹುಟ್ಟುತ್ತದೆ. ವಿಕಾಸಸೌಧ ಬಂದ ಮೇಲೆ ವಿಧಾನಸೌಧ ಒಂಟಿಯಾಗಿದ್ದಾಗಿನ ಬೆರಗು ನನ್ನ ಮಟ್ಟಿಗೆ ಒಂದು ಗುಲಗಂಜಿಯಷ್ಟು ಕಡಿಮೆಯಾಯಿತು. ಐವತ್ತರ ದಶಕದ ಹುಮ್ಮಸ್ಸನ್ನು 2005ರಲ್ಲಿ ಎರವಲು ತಂದು ತೊಟ್ಟರೆ ಅದು ಅಳತೆಗೆ ಕೂರುವುದಿಲ್ಲ. ಹಾಗಂತ ಗಾಜಿನ ಡಬ್ಬಿಯೊಂದನ್ನು ಅಲ್ಲಿ ನಿಲ್ಲಿಸಬೇಕಿತ್ತು ಎನ್ನುತ್ತಿಲ್ಲ. ಬಿಸಿಲಿಗೆ ಕಣ್ಣು ಕೋರೈಸುವ ಅಂಥ ಡಬ್ಬಿಗಳು ಊರ ಹೊರವಲಯದಲ್ಲಿ ಬೇಕಾದಷ್ಟಿವೆ. 2016ರಲ್ಲಿ ಶುರುವಾದ ಅಲ್ಲಿನ ಮೆಟ್ರೊ ನಿಲ್ದಾಣವನ್ನೇ ನೋಡಿ, ಅಷ್ಟು ದೊಡ್ಡ ಹೊಸ ಕೆಲಸ ಪೂರ್ತಿ ನೆಲದಡಿ ಕೂತಿದೆ. ಮೇಲೆ ಕಾಣುವುದು ಬಾಗಿಲುಗಳಷ್ಟೆ. ಗುಹೆಯೊಳಗಿಂದ ಮೆಟ್ಟಿಲು ಹತ್ತಿ ಬಂದು ತಲೆಯೆತ್ತಿದರೆ ಎದುರಿಗೆ ವಿಧಾನಸೌಧ. ಹೊಸದು ಹಳೆಯದನ್ನು ತೋರಿಸಿಕೊಡುವ ಬಗೆ ಹೀಗೂ ಉಂಟು.

ಅಲ್ಲಿಂದ ಅರಮನೆ ರಸ್ತೆ ದೂರವಲ್ಲ. ಅಲ್ಲಿ ಮಾಣಿಕ್ಯವೇಲು ಬಂಗಲೆ ಇದೆ. ಒಂದು ಕಾಲಕ್ಕೆ ಸಿರಿವಂತರ ಮನೆ, ಈಗ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 2009ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹಳೆಯ ಬಂಗಲೆಯ ಕಂಬ, ಕಿಟಕಿ, ಮೆಟ್ಟಿಲು ಎಲ್ಲವನ್ನೂ ಉಳಿಸಿಕೊಂಡು ಹಿಂದೆ ಹೊಸ ಭಾಗವೊಂದನ್ನು ಕಟ್ಟಿದ್ದಾರೆ. ವಾಸ್ತುಶಿಲ್ಪಿ ನರೇಶ್ ನರಸಿಂಹನ್. ಹಳೆಯದಕ್ಕೂ ಹೊಸದಕ್ಕೂ ನಡುವೆ ಗಾಜಿನ ಸಣ್ಣ ಸೇತುವೆ. ನನ್ನ ಮಗಳು ಕರೆದುಕೊಂಡು ಹೋಗಿದ್ದಳು. ಆ ಸೇತುವೆಯ ಮೇಲೆ ಐದು ನಿಮಿಷ ನಿಂತೆ. ಈ ಕಡೆ ಸುಣ್ಣದ ಗೋಡೆ, ಆ ಕಡೆ ಬರಿಯ ನೇರಗೆರೆ. ಇಲ್ಲಿಗೆ ಹಳೆಯದು ಮುಗಿಯಿತು, ಇಲ್ಲಿಂದ ನಮ್ಮ ಕಾಲ ಶುರು ಎಂದು ಕಾಲಿಗೇ ತಿಳಿಯುತ್ತದೆ. ಒಳ್ಳೆಯ ಸೀರೆಗೆ ತೇಪೆ ಹಾಕುವಾಗ ನಮ್ಮಜ್ಜಿ ಬೇರೆ ಬಣ್ಣದ ದಾರವನ್ನೇ ಬಳಸುತ್ತಿದ್ದರು. "ಮುಚ್ಚಿಟ್ಟ ತೇಪೆ ಎಳೆದಲ್ಲೇ ಹರಿಯುತ್ತೆ, ಕಾಣೋ ತೇಪೆಯನ್ನ ಎಲ್ಲರೂ ಜೋಪಾನ ಮಾಡ್ತಾರೆ" ಎನ್ನುತ್ತಿದ್ದರು. ಆ ಸೇತುವೆ ಕಾಣುವ ತೇಪೆ.

ಆದರೂ ಒಂದು ಮಾತು. ಆ ಗೇಟಿನ ಮುಂದೆ ನಮ್ಮಂಥ ಊರಿನ ಹೆಂಗಸರು ಒಂದು ಗಳಿಗೆ ಅನುಮಾನಿಸುತ್ತಾರೆ. ಒಳಗೆ ಹೋಗಬಹುದೋ, ಯಾರನ್ನು ಕೇಳಬೇಕೋ, ಚಪ್ಪಲಿ ಸರಿಯಿದೆಯೋ. ಯಾರೂ ತಡೆಯುವುದಿಲ್ಲ, ನಿಜ. ಆದರೆ ಬಂಗಲೆ ಇನ್ನೂ ಬಂಗಲೆಯ ಹಾಗೇ ನಿಂತಿದೆ. ಗೋಡೆಗೋಡೆಗೆ ಹೊಂದಿಸಿದ್ದು ಆಯಿತು, ಬೀದಿಗೆ ಹೊಂದಿಸುವ ಕೆಲಸ ಬಾಕಿಯಿದೆ ಎನಿಸಿತು.

ನಾನು ನಿಜವಾಗಿ ಹೇಳಬೇಕೆಂದಿರುವುದು ಇನ್ನೊಂದು ಜಾಗದ ಬಗ್ಗೆ. ಅಲ್ಲಿಗೆ ನಾನು ಪ್ರವಾಸಕ್ಕೆ ಹೋದವಳಲ್ಲ, ಧರಣಿಗೆ ಹೋದವಳು.

2006ರ ಏಪ್ರಿಲ್ ಒಂದರಿಂದೀಚೆಗೆ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ ಎಂಬುದು ನಿಮ್ಮಲ್ಲಿ ಸರ್ಕಾರಿ ಕೆಲಸದವರಿಗೆಲ್ಲ ಗೊತ್ತು. ನಾನು ಮೊದಲೇ ಸೇರಿದವಳು, ಬಚಾವಾದೆ. ಆದರೆ ನಮ್ಮ ಶಾಲೆಯ ಕಿರಿಯ ಶಿಕ್ಷಕಿಯರೆಲ್ಲ ಹೊರಟಾಗ, "ಮೇಡಂ, ನೀವೂ ಬನ್ನಿ, ಧೈರ್ಯ ಇರುತ್ತೆ" ಎಂದರು. ಬೆಳಗಿನ ರೈಲಿನಲ್ಲಿ ಹೋಗಿ ಬೆಂಗಳೂರಿನಲ್ಲಿಳಿದು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿಗೆ ನಡೆದೆವು. ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಬಿಸಿಲಿಗೆ ಸೆರಗು.

ಫ್ರೀಡಂ ಪಾರ್ಕ್ ಎಂದರೆ ಹಳೆಯ ಸೆಂಟ್ರಲ್ ಜೈಲು. ಅಠಾರಾ ಕಚೇರಿಯ ಓರಗೆಯದೇ, 1860ರ ದಶಕದ್ದು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಇಷ್ಟು ದೊಡ್ಡ ಜಾಗವನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಬೇರೆ ಊರಾಗಿದ್ದರೆ ಅಂಗಡಿ ಸಾಲು ಏಳುತ್ತಿತ್ತೇನೋ. ಇಲ್ಲಿ ಉದ್ಯಾನ ಮಾಡಿದರು. ಮ್ಯಾಥ್ಯೂ ಮತ್ತು ಘೋಷ್ ಎಂಬ ವಾಸ್ತುಶಿಲ್ಪಿ ದಂಪತಿಯ ವಿನ್ಯಾಸ, 2008ರ ನವೆಂಬರಿನಲ್ಲಿ ಜನರಿಗೆ ತೆರೆಯಿತು. ಜೈಲನ್ನು ಅರಮನೆ ಮಾಡುವ ಆಸೆಗೆ ಅವರು ಬೀಳಲಿಲ್ಲ, ಬಣ್ಣ ಬಳಿದು ಮುದ್ದು ಮಾಡಲಿಲ್ಲ. ನಡುಮಧ್ಯದ ಕಾವಲುಗೋಪುರವನ್ನು ಹಾಗೇ ಬಿಟ್ಟರು. ಒಬ್ಬ ಕಾವಲುಗಾರ ಮೇಲೆ ನಿಂತು ಸುತ್ತಲಿನ ಬ್ಯಾರಕ್ಕುಗಳನ್ನೆಲ್ಲ ಕಣ್ಣಿನಲ್ಲೇ ಕಟ್ಟಿಹಾಕುವ ಹಾಗೆ ಯೋಚಿಸಿ ಕಟ್ಟಿದ ಗೋಪುರ. ಬ್ಯಾರಕ್ಕುಗಳನ್ನೂ ಉಳಿಸಿದರು. ತಮ್ಮದೆಂದು ಸೇರಿಸಿದ್ದನ್ನು ನಮ್ಮ ಕಾಲದ್ದೆಂದು ಕಾಣುವ ಹಾಗೆ, ಅಲಂಕಾರವಿಲ್ಲದೆ ಸೇರಿಸಿದರು. ಹಳೆಯದನ್ನೂ ಹೊಸದನ್ನೂ ಬೆರೆಸುವುದರಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಕೆಲಸ ಇದು. ಸುಂದರವೇ ಎಂದು ಕೇಳಬೇಡಿ. ಜೈಲು ಸುಂದರವಾಗಿ ಕಂಡರೆ ಅದೇ ಅಪಚಾರ.

ಧರಣಿಯ ಜಾಗ ಒಂದು ಮಗ್ಗುಲಿಗೆ. ಮಧ್ಯಾಹ್ನ ಭಾಷಣಗಳು ಉದ್ದವಾದಾಗ ಎದ್ದು ಉದ್ಯಾನದೊಳಗೆ ನಡೆದೆ. ನನ್ನ ಕಣ್ಣು ಹುಡುಕಿದ್ದು ಒಬ್ಬ ಹೆಂಗಸಿನ ಕೋಣೆಯನ್ನು. 1975ರ ತುರ್ತುಪರಿಸ್ಥಿತಿಯಲ್ಲಿ ಈ ಜೈಲಿನಲ್ಲಿ ಅಡ್ವಾಣಿ, ವಾಜಪೇಯಿ ಇದ್ದರೆಂದು ಎಲ್ಲರೂ ಹೇಳುತ್ತಾರೆ. ಸ್ನೇಹಲತಾ ರೆಡ್ಡಿಯವರೂ ಇದ್ದರು. 1970ರ 'ಸಂಸ್ಕಾರ' ಚಿತ್ರದ ಚಂದ್ರಿ. 1976ರಲ್ಲಿ ಅವರನ್ನು ಹಿಡಿದು ಇಲ್ಲಿಟ್ಟರು. ಉಬ್ಬಸದ ರೋಗ. ತಿಂಗಳುಗಟ್ಟಲೆ ಇಲ್ಲೇ ಉಸಿರಿಗೆ ಒದ್ದಾಡಿದರು. ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಅಲ್ಲಿದ್ದ ಕಾವಲಿನವನನ್ನು ಕೇಳಿದೆ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ, ಅವನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು. ಪಕ್ಕದ ಬ್ಯಾರಕ್ಕಿನ ನೆರಳಲ್ಲಿ ಕಾಲೇಜಿನ ಹುಡುಗ ಹುಡುಗಿ ಕಡಲೆಕಾಯಿ ತಿನ್ನುತ್ತಾ ಕೂತಿದ್ದರು. ನನಗೆ ಸಿಟ್ಟು ಬರಲಿಲ್ಲ. ಜೈಲಿನ ಗೋಡೆಗೆ ಒರಗಿ ನಿರ್ಭಯವಾಗಿ ಕಡಲೆಕಾಯಿ ತಿನ್ನಲಿ ಎಂದೇ ಅಲ್ಲವೇ ಇದನ್ನು ಉದ್ಯಾನ ಮಾಡಿದ್ದು!

ತಿರುಗಿ ಬಂದು ನಮ್ಮವರ ನಡುವೆ ಕೂತೆ. ಆಗ ಹೊಳೆದ ಒಂದು ವಿಚಾರ ಇನ್ನೂ ಬಿಟ್ಟಿಲ್ಲ. 2021ರ ಆದೇಶ ಬಂದಾಗಿನಿಂದ ಬೆಂಗಳೂರಿನಲ್ಲಿ ಧರಣಿಗೆ ಗೊತ್ತುಮಾಡಿದ ಜಾಗ ಇದೊಂದೇ. ವಾಹನ ಸಂಚಾರಕ್ಕೆ ತೊಂದರೆಯಾಗುತ್ತದೆ ಎಂಬುದು ಕಾರಣ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆಂಬುಲೆನ್ಸಿನಲ್ಲಿದ್ದವರ ಮನೆಯವರಿಗೆ ಗೊತ್ತು ಆ ಕಷ್ಟ. ಆದರೆ ನೋಡಿ, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಬಿಸಿಯೂಟದವರು, ನಾವು ಮೇಷ್ಟ್ರುಗಳು, ಕೂಗು ಹಾಕಬೇಕಾದ ಎಲ್ಲರೂ ಸೇರಬೇಕಾದ್ದು ಹಳೆಯ ಜೈಲಿನ ಆವರಣದಲ್ಲಿ. ಗೋಡೆಯಾಚೆ ಊರು ತನ್ನ ಪಾಡಿಗೆ ಹಾರ್ನ್ ಹೊಡೆಯುತ್ತಿರುತ್ತದೆ. ವಾಸ್ತುಶಿಲ್ಪಿಗಳು ಗೋಪುರವನ್ನು ಉಳಿಸಿದ್ದು ಮರೆಯಬಾರದೆಂದು. ಆ ಮೇಲೆ ಬಂದ ಆದೇಶ ಅದಕ್ಕೆ ಹಳೆಯ ಕೆಲಸವನ್ನು ಅರ್ಧ ಹಿಂದಿರುಗಿಸಿತೋ ಏನೋ. ಕಟ್ಟಡವನ್ನು ಕಟ್ಟಿ ಮುಗಿಸಿದ ದಿನ ಬರೆದ ವಿಮರ್ಶೆ ಪೂರ್ತಿಯಲ್ಲ ಎಂದು ನನಗೆ ತಿಳಿದದ್ದು ಅಲ್ಲಿ. ಹತ್ತು ಹದಿನೈದು ವರ್ಷ ಕಳೆದು, ಅಲ್ಲಿ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರಬಹುದು, ಎಷ್ಟು ದೂರಕ್ಕೆ ಅವರ ದನಿ ಕೇಳುತ್ತದೆ ಎಂದು ನೋಡಬೇಕು. ಈಗಂತೂ ಪಕ್ಕದಲ್ಲೇ ಕಾರು ನಿಲ್ಲಿಸುವ ಬಹುಮಹಡಿಯೊಂದು ಎದ್ದಿದೆ, 2024ರಲ್ಲಿ ಬಾಗಿಲು ತೆರೆಯಿತು. ಕಾರಿಗೆ ಅಂತಸ್ತಿನ ಮೇಲೆ ಅಂತಸ್ತು ನೆರಳು, ಧರಣಿಗೆ ಶಾಮಿಯಾನ.

ಸಂಜೆ ರೈಲಿಗೆ ಹೊರಡುವಾಗ ನಮ್ಮ ಕಿರಿಯ ಶಿಕ್ಷಕಿಯೊಬ್ಬಳು ಗೋಪುರದ ಕಡೆ ತಿರುಗಿ ಮೊಬೈಲಿನಲ್ಲಿ ಪಟ ತೆಗೆದುಕೊಂಡಳು. "ಚೆನ್ನಾಗಿದೆ ಅಲ್ವಾ ಮೇಡಂ?" ಎಂದಳು. ಹೂಂ ಎಂದೆ.

ಮುಂದಿನ ಸಭೆ ನಡೆಯಿತು. ನಾನು ಇಷ್ಟು ಮಾತನ್ನೂ ಅಲ್ಲಿ ಆಡಲಿಲ್ಲ, ಆಡಿದ್ದರೆ ಎದ್ದು ಹೋಗುತ್ತಿದ್ದರು. ಹಜಾರ ಇರಲಿ, ಕೊಳೆತ ತೊಲೆ ಬದಲಿಸಿ ಹೆಂಚು ಹೊದಿಸಿ ಎಂದೆ. ಹೊಸ ಕೊಠಡಿಗಳನ್ನು ಬೇವಿನ ಮರದ ಆಚೆ ಕಟ್ಟಿ, ಆದರೆ ಹೆಂಚಿನ ಬಣ್ಣ ಬಳಿದು ಹಳೆಯದರ ವೇಷ ಹಾಕಬೇಡಿ ಎಂದೆ. ಎಂಜಿನಿಯರ್ ಹುಡುಗ, "ಮತ್ತೆ ಹೊಸದು ಹೇಗಿರಬೇಕು ಮೇಡಂ?" ಎಂದ. "ನಿನಗೆ ಹೇಗೆ ಕಟ್ಟಬೇಕು ಅನಿಸುತ್ತೋ ಹಾಗೆ" ಎಂದೆ. ಅವನು ನಾಚಿಕೊಂಡ. ಹಾಗೆ ಅವನನ್ನು ಯಾರೂ ಕೇಳಿರಲಿಲ್ಲವಂತೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ನೋಡಿದರೆ ಹೆಣ್ಣುಮಕ್ಕಳ ಶೌಚಾಲಯ ಕಾಂಪೌಂಡಿನ ಮೂಲೆಯಲ್ಲಿ, ಎಲ್ಲರ ಕಣ್ಣ ಮುಂದೆ ಮೈದಾನ ದಾಟಿ ಹೋಗಬೇಕಾದಲ್ಲಿ. ಪೆನ್ಸಿಲ್ ಇಸಿದುಕೊಂಡು ಅದನ್ನು ಹಜಾರದ ಹಿಂಬಾಗಿಲ ಬಳಿಗೆ ತಂದೆ.

"ಎಲ್ಲಾ ಸರಿ, ಸೋರೋದಕ್ಕೆ ಏನು ಮಾಡ್ತೀರಿ?" ಎಂದು ಆ ಹಿರಿಯರು ಮತ್ತೆ ಶುರು ಮಾಡಿದರು. ದುರಸ್ತಿಗೆ ಹಣ ಬರುವುದು ಕಷ್ಟ, ಹೊಸದಕ್ಕಾದರೆ ಬರುತ್ತದೆ ಎಂದು ಇನ್ನೊಬ್ಬರು. ತೀರ್ಮಾನ ಇನ್ನೂ ಆಗಿಲ್ಲ. ಈ ಮಳೆಗಾಲಕ್ಕೂ ಎರಡನೇ ಕಂಬದ ಬುಡದಲ್ಲಿ ಬಕೆಟ್ಟು ಇಟ್ಟುಕೊಂಡೇ ಪಾಠ ಮಾಡುತ್ತಿದ್ದೇನೆ.